ಹೆಸರು ಕೊನೆಗೆ ಬರಲಿ: ಖಾಲಿ ನಕ್ಷೆಯಲ್ಲಿ ನಾಡು ಕಲಿಯುವ ಬಗೆ

ನಿಮ್ಮೆಲ್ಲರ ಕೈಯಲ್ಲಿ ಈಗ ಒಂದೊಂದು ಹಾಳೆ ಇದೆ. ಕರ್ನಾಟಕದ ಗಡಿಗೆರೆ ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಜಿಲ್ಲೆ ಇಲ್ಲ, ಊರಿಲ್ಲ, ಹೊಳೆಯಿಲ್ಲ. ಪೆನ್ಸಿಲ್ ತೆಗೆದುಕೊಂಡು, ನೀವು ಹುಟ್ಟಿದ ಊರು ಎಲ್ಲಿ ಬರುತ್ತದೋ ಅಲ್ಲಿ ಒಂದು ಚುಕ್ಕೆ ಇಡಿ. ಪಕ್ಕದವರ ಹಾಳೆ ನೋಡಬೇಡಿ. ಫೋನು ಜೇಬಿನಲ್ಲೇ ಇರಲಿ.

ಇಟ್ಟಿರಾ? ಈಗ ಆ ಊರಿಗೆ ಹತ್ತಿರದ ಹೊಳೆಯನ್ನು ಎಳೆಯಿರಿ. ಅದು ಹುಟ್ಟುವ ಜಾಗವೂ ಬೇಕು, ಕೊನೆಗೆ ಹೋಗಿ ಸೇರುವ ಜಾಗವೂ ಬೇಕು.

ಬಹಳ ಜನರ ಕೈ ಅಲ್ಲೇ ನಿಂತುಬಿಟ್ಟಿತು, ಅಲ್ವಾ? ಆ ಹೊಳೆಯಲ್ಲಿ ಈಜಿದವರು ಈ ಕೋಣೆಯಲ್ಲೇ ಇದ್ದೀರಿ. ಅದರ ನೀರು ಕುಡಿದು ಬೆಳೆದವರಿದ್ದೀರಿ. ಆದರೂ ಅದು ಎಲ್ಲಿಂದ ಬರುತ್ತದೆ ಅನ್ನುವುದು ಹಾಳೆಯ ಮೇಲೆ ಬರಲಿಲ್ಲ. ತಪ್ಪು ನಿಮ್ಮದಲ್ಲ. ನಾವು ಮೇಷ್ಟ್ರುಗಳು ನಿಮಗೆ ಚುಕ್ಕೆ ಇಡುವುದನ್ನು ಕಲಿಸಿದೆವು, ಗೆರೆ ಎಳೆಯುವುದನ್ನು ಕಲಿಸಲಿಲ್ಲ.

ನಾನು 28 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಭಾರತದ ನಕ್ಷೆ ಬಿಡಿಸಿ ಇಂಥಿಂಥ ಜಾಗ ಗುರುತಿಸಿ ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೆ ನಾವು ಮ್ಯಾಪ್ ಪಾಯಿಂಟಿಂಗ್ ಅನ್ನುತ್ತೇವೆ. ಅಂಕ ಸುಲಭವಾಗಿ ಸಿಗುವ ಪ್ರಶ್ನೆ ಅಂತ ಅದನ್ನು ಮಕ್ಕಳಿಂದ ಉಜ್ಜಿಸಿದ್ದೇ ಉಜ್ಜಿಸಿದ್ದು. ಹತ್ತು ಔಟ್‌ಲೈನ್ ಮ್ಯಾಪ್ ತರಿಸುವುದು, ಹತ್ತರಲ್ಲೂ ಅದೇ ಇಪ್ಪತ್ತು ಚುಕ್ಕೆ ಇಡಿಸುವುದು.

ಒಂದು ವರ್ಷ ಆಗಸ್ಟ್ 15ಕ್ಕೆ ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಭಾರತದ ನಕ್ಷೆ ಬಿಡಿಸಿದ್ದೆವು. ಹತ್ತು ಹನ್ನೆರಡು ಹೆಜ್ಜೆ ಉದ್ದ ಇತ್ತು. ತರಗತಿಯಲ್ಲಿ ಒಂದು ಚುಕ್ಕೆಯನ್ನೂ ತಪ್ಪದ ಹುಡುಗನೊಬ್ಬನಿದ್ದ. ಅವನನ್ನು ಕರೆದು, 'ಹೋಗಿ ಕೊಚ್ಚಿ ಮೇಲೆ ನಿಂತ್ಕೋ ಮರಿ' ಅಂದೆ. ಅವನು ಕೆಳಗಿನ ತುದಿಗೆ ಹೋದ. ಬಗ್ಗಿದ. ನೆಲದ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ ಎದ್ದು ನನ್ನ ಮುಖ ನೋಡಿದ. 'ಸಾರ್, ಕೆಳಗಿನ ಮೂಲೆಯಿಂದ ಒಂದು ಬೆರಳು ಮೇಲೆ, ಎಡಗಡೆ ಅಂತ ನೆನಪಿಟ್ಟುಕೊಂಡಿದ್ದೆ. ಇಲ್ಲಿ ಬೆರಳು ಸಾಲಲ್ಲ' ಅಂದ.

ಅವನು ಕಲಿತದ್ದು ಆ ಹಾಳೆಯನ್ನು, ದೇಶವನ್ನಲ್ಲ. ಹಾಗೆ ಕಲಿಸಿದವನು ನಾನು. ಆ ಸಂಜೆ ಮನೆಗೆ ಹೋಗಿ ಒಂದು ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತೆ. ಇದರಲ್ಲಿ ಮೊದಲು ಏನು ಬರಬೇಕು ಅಂತ ಯೋಚನೆ ಮಾಡುತ್ತಾ ಹೋದೆ. ಇವತ್ತು ನಿಮಗೆ ಹೇಳುತ್ತಿರುವುದೆಲ್ಲ ಅಲ್ಲಿಂದ ಶುರುವಾದದ್ದು.

ಖಾಲಿ ನಕ್ಷೆಯಲ್ಲಿ ಹೆಸರು ಕೊನೆಗೆ ಬರಬೇಕು. ಮೊದಲು ನೀರು ಬರಬೇಕು.

ನಿಮ್ಮ ಹಾಳೆಯ ಎಡ ಅಂಚಿಗೆ ಬನ್ನಿ. ಸಮುದ್ರದ ಗೆರೆಯಿಂದ ಒಂದೂವರೆ ಎರಡು ಸೆಂಟಿಮೀಟರ್ ಒಳಗೆ, ಮೇಲಿಂದ ಕೆಳಕ್ಕೆ, ಗೋವಾ ಕಡೆಯಿಂದ ಕೊಡಗಿನವರೆಗೆ ಪೆನ್ಸಿಲಿನಿಂದ ಒಂದು ದಪ್ಪ ಪಟ್ಟೆ ಎಳೆಯಿರಿ. ಅದು ಪಶ್ಚಿಮ ಘಟ್ಟ. ಇದೊಂದು ಗೆರೆ ಬಂದರೆ ಅರ್ಧ ಕರ್ನಾಟಕ ಬಂದ ಹಾಗೆ.

ಈಗ ಆ ಪಟ್ಟೆಯ ಮೇಲೆ ಕುದುರೆಮುಖದ ಹತ್ತಿರ ಒಂದು ಚುಕ್ಕೆ ಇಡಿ. ಗಂಗಾಮೂಲ ಅನ್ನುತ್ತಾರೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಆ ಬೆಟ್ಟದ ಮಕ್ಕಳು. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ತುಂಗೆ ಮತ್ತು ಭದ್ರೆ ಸಮುದ್ರಕ್ಕೆ ಬೆನ್ನು ಮಾಡಿ ಹೊರಡುತ್ತವೆ. ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಒಂದಾಗುತ್ತವೆ, ಹೊಸಪೇಟೆ ದಾಟುತ್ತವೆ, ಕೃಷ್ಣೆಯನ್ನು ಸೇರುತ್ತವೆ, ಆಂಧ್ರವನ್ನೆಲ್ಲ ಹಾದು ಬಂಗಾಳ ಕೊಲ್ಲಿಗೆ ಹೋಗುತ್ತವೆ. ಆ ಬೆಟ್ಟದಿಂದ ಅರಬ್ಬಿ ಸಮುದ್ರಕ್ಕೆ ನೇರ ಗೆರೆ ಹಾಕಿದರೆ 50 ಕಿಲೋಮೀಟರ್ ಆಸುಪಾಸು. ನಿಮ್ಮ ಹಾಳೆಯಲ್ಲಿ ಒಂದೂವರೆ ಸೆಂಟಿಮೀಟರ್. ಹತ್ತಿರದ ಸಮುದ್ರ ಬಿಟ್ಟು ಆ ನೀರು ಅಷ್ಟು ದೂರ ಯಾಕೆ ಹೋಯಿತು?

ಈ ಪ್ರಶ್ನೆಯನ್ನು ಮಗು ತಾನೇ ಕೇಳಬೇಕು. ಪಾಠದಲ್ಲಿ 'ಪರ್ಯಾಯ ಪ್ರಸ್ಥಭೂಮಿಯು ಪೂರ್ವಕ್ಕೆ ಇಳಿಜಾರಾಗಿದೆ' ಅಂತ ಒಂದು ವಾಕ್ಯ ಇದೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ತಾನೇ ಪೆನ್ಸಿಲ್ ಹಿಡಿದು ತುಂಗೆಯನ್ನು ಎಡ ಅಂಚಿನಿಂದ ಬಲ ಅಂಚಿನವರೆಗೆ ಎಳೆದ ಮಗುವಿಗೆ ಆ ವಾಕ್ಯ ಕೈಯಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಭಾರತದ ಖಾಲಿ ನಕ್ಷೆ ಕೊಡಿ. ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದಲ್ಲಿ, ಗೋದಾವರಿ ತ್ರ್ಯಂಬಕದಲ್ಲಿ. ಎರಡೂ ಅರಬ್ಬಿ ಸಮುದ್ರಕ್ಕೆ ನೂರು ಕಿಲೋಮೀಟರಿನೊಳಗೇ ಹುಟ್ಟಿ ಪೂರ್ವಕ್ಕೆ ಹರಿಯುತ್ತವೆ. 'ಸಾರ್, ಇದೂ ನಮ್ ತುಂಗೆ ಥರಾನೇ' ಅಂತ ಮಕ್ಕಳೇ ಹೇಳುತ್ತಾರೆ. ನರ್ಮದಾ, ತಪತಿ ಎಳೆಯುವಾಗ ಅವು ಪಶ್ಚಿಮಕ್ಕೆ ಹೋಗುವುದು ನೋಡಿ ಪೆನ್ಸಿಲ್ ನಿಲ್ಲಿಸುತ್ತಾರೆ. ಅಲ್ಲಿ ನೀವು ಪಾಠ ಶುರು ಮಾಡಿ. ಅದಕ್ಕಿಂತ ಮೊದಲು ಬೇಡ.

ನೀರು ಬಂದ ಮೇಲೆ ಮಳೆ. ಆಗುಂಬೆ ಗೊತ್ತಲ್ಲ, ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುವ ಊರು. ಘಟ್ಟದ ಪಟ್ಟೆಯ ಮೇಲೆ ಅದಕ್ಕೊಂದು ಚುಕ್ಕೆ. ಇನ್ನೊಂದು ಚುಕ್ಕೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೆ. ನಮ್ಮ ರಾಜ್ಯದಲ್ಲಿ ಮಳೆ ತೀರ ಕಡಿಮೆ ಅಂತ ಪಠ್ಯಪುಸ್ತಕದಲ್ಲಿ ಬರುವ ಹೆಸರು. ಅಲ್ಲಿ 500 ಮಿಲಿಮೀಟರ್ ಬಂದರೆ ಒಳ್ಳೆಯ ವರ್ಷ. ಎರಡು ಚುಕ್ಕೆಗಳ ನಡುವೆ ಸ್ಕೇಲ್ ಇಟ್ಟು ನೋಡಿ. ಆರು ಸೆಂಟಿಮೀಟರ್ ಚಿಲ್ಲರೆ ಬರುತ್ತದೆ. ಸುಮಾರು 190 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದಾದ ದೂರ. ಅಷ್ಟರೊಳಗೆ ಮಳೆ ಹದಿನಾಲ್ಕರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಘಟ್ಟದ ಪಟ್ಟೆ ಎಳೆದಿದ್ದವರಿಗೆ ಕಾರಣ ಕಣ್ಣೆದುರೇ ಇದೆ. ಬರೀ ಚುಕ್ಕೆ ಇಟ್ಟವರಿಗೆ ಅವು ಎರಡು ಬೇರೆ ಬೇರೆ ಪ್ರಶ್ನೆಗಳ ಎರಡು ಉತ್ತರ, ಅಷ್ಟೇ.

ಈಗ ಊರುಗಳು. ಬೆಂಗಳೂರಿನಿಂದಲೇ ಶುರು ಮಾಡೋಣ. ನೀವು ಎಳೆದ ನದಿಗಳಲ್ಲಿ ಒಂದಾದರೂ ಬೆಂಗಳೂರಿಗೆ ತಾಗುತ್ತದೆಯೇ ನೋಡಿ. ದೊಡ್ಡ ನದಿ ಒಂದೂ ಇಲ್ಲ. ಪಕ್ಕದ ನಂದಿ ಬೆಟ್ಟದ ಸುತ್ತಮುತ್ತ ಒಂದು ಪುಟ್ಟ ವೃತ್ತ ಹಾಕಿ. ಅಲ್ಲಿಂದ ಅರ್ಕಾವತಿ ತೆಂಕಣಕ್ಕೆ ಇಳಿದು ಸಂಗಮದಲ್ಲಿ ಕಾವೇರಿ ಸೇರುತ್ತದೆ. ಉತ್ತರ ಪಿನಾಕಿನಿ ಆಂಧ್ರಕ್ಕೆ ಹೋಗುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿಗೆ. ಪಾಲಾರ್ ಕೂಡ ಆ ಕಡೆಗೇ. ಬೆಂಗಳೂರು ಇರುವುದು ದಿಣ್ಣೆಯ ಮೇಲೆ, ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿ. ಅಲ್ಲಿ ಬಿದ್ದ ನೀರು ಎಲ್ಲ ದಿಕ್ಕಿಗೂ ಇಳಿದು ಹೋಗುತ್ತದೆ. ಅದಕ್ಕೇ ನೂರು ಕಿಲೋಮೀಟರ್ ಆಸುಪಾಸು ದೂರದ ಕಾವೇರಿಯಿಂದ ನೀರನ್ನು ಪಂಪು ಮಾಡಿ ಮೇಲಕ್ಕೆ ಎತ್ತಿ ತರಬೇಕು. ಎಂಟನೇ ತರಗತಿಯ ಹುಡುಗಿಯೊಬ್ಬಳು ಇದನ್ನು ಎಳೆದು ಮುಗಿಸಿ, 'ಹಾಗಾದ್ರೆ ಮೊದಲು ಇದ್ದವರು ಏನು ಮಾಡ್ತಿದ್ರು ಸಾರ್?' ಅಂದಳು. ಕೆರೆಗಳ ಪಾಠ ಅಲ್ಲಿಂದ ಹುಟ್ಟಿತು. ಎರಡು ವಾರ ನಡೆಯಿತು.

ಈಗ ಹಾಳೆಯ ವಿಚಾರ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಬಹಳ ಕಡೆ ಕೆಲಸ ಕೆಡುವುದು ಇಲ್ಲೇ.

ಕರ್ನಾಟಕ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿಲೋಮೀಟರ್, ಅಡ್ಡಡ್ಡ 400. ಎ4 ಹಾಳೆಯಲ್ಲಿ ಅದು 25 ಸೆಂಟಿಮೀಟರ್ ಉದ್ದ ಬರುವ ಹಾಗೆ ಪ್ರಿಂಟ್ ತೆಗೆದರೆ 1 ಸೆಂಟಿಮೀಟರಿಗೆ ಸರಿಯಾಗಿ 30 ಕಿಲೋಮೀಟರ್ ಆಗುತ್ತದೆ. ಲೆಕ್ಕ ಸುಲಭ. ನಿಮ್ಮ ಕೈಯಲ್ಲಿರುವ ಹಾಳೆ ಹಾಗೇ ಮಾಡಿದ್ದು. ಪ್ರಿಂಟ್ ಕೊಡುವಾಗ ಫಿಟ್ ಟು ಪೇಜ್ ಒತ್ತಿದರೆ ಕಂಪ್ಯೂಟರ್ ತನಗೆ ಬೇಕಾದ ಅಳತೆಗೆ ಎಳೆದುಬಿಡುತ್ತದೆ. ಆಗ '1 ಸೆಂಟಿಮೀಟರಿಗೆ 30 ಕಿಲೋಮೀಟರ್' ಅಂತ ಬರೆದದ್ದು ಸುಳ್ಳಾಗುತ್ತದೆ. ಅದಕ್ಕೆ ನಕ್ಷೆಯ ಮೂಲೆಯಲ್ಲಿ ಒಂದು ಸ್ಕೇಲ್ ಪಟ್ಟಿಯನ್ನೂ ಬಿಡಿಸಿಡಿ. ನಕ್ಷೆ ಕುಗ್ಗಿದರೆ ಅದೂ ಜೊತೆಗೇ ಕುಗ್ಗುತ್ತದೆ, ಸುಳ್ಳು ಹೇಳುವುದಿಲ್ಲ. ಗಡಿಗೆರೆಯನ್ನು ಕಪ್ಪು ಬದಲು ಬೂದು ಬಣ್ಣದಲ್ಲಿ ತೆಗೆಯಿರಿ. ಮಗು ಎಳೆದ ಗೆರೆ ಅದರ ಮೇಲೆ ಎದ್ದು ಕಾಣಬೇಕು.

ಜೆರಾಕ್ಸಿನ ಮೇಲೆ ಜೆರಾಕ್ಸ್ ಮಾಡಿಸುತ್ತಾ ಹೋಗಬೇಡಿ. ಒಂದು ಸಲ ನಮ್ಮ ಶಾಲೆಗೆ ಬಂದ ಭಾರತದ ನಕ್ಷೆಯ ಕಟ್ಟು ಅದೆಷ್ಟನೆಯ ಪ್ರತಿಯೋ ಏನೋ. ಲಕ್ಷದ್ವೀಪದ ಚುಕ್ಕೆಗಳು ಅಳಿಸಿಹೋಗಿದ್ದವು. ಬದಲಿಗೆ ಬಂಗಾಳ ಕೊಲ್ಲಿಯ ನಡುವೆ, ಗಾಜಿನ ಮೇಲಿದ್ದ ಧೂಳು ಮೂರು ಕಪ್ಪು ಚುಕ್ಕೆಗಳಾಗಿ ಬಿದ್ದಿತ್ತು. ನಾಲ್ಕೈದು ಮಕ್ಕಳು ಆ ಧೂಳಿಗೇ ಅಂಡಮಾನ್ ಅಂತ ಬರೆದಿದ್ದರು. ಅವರಿಗೆ ನಾನು ಅಂಕ ಕಳೆಯಲಿಲ್ಲ. ಹಾಳೆ ಹೇಳಿದ್ದನ್ನು ಅವರು ನಂಬಿದ್ದರು. ಒಂದು ಒಳ್ಳೆಯ ಮೂಲಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟು, ಪ್ರತಿ ಸಲವೂ ಅದರಿಂದಲೇ ತೆಗೆಸಿ.

ಭಾರತದ ನಕ್ಷೆಯನ್ನು ಇಂಟರ್ನೆಟ್‌ನಲ್ಲಿ ಎಲ್ಲೆಂದರಲ್ಲಿಂದ ತೆಗೆದುಕೊಳ್ಳಬೇಡಿ. ಹೊರದೇಶದ ಎಷ್ಟೋ ತಾಣಗಳಲ್ಲಿ ಜಮ್ಮು ಕಾಶ್ಮೀರ, ಲಡಾಖ್‌ನ ಗಡಿ ಬೇರೆ ಥರ ಇರುತ್ತದೆ. ಸರ್ವೆ ಆಫ್ ಇಂಡಿಯಾ ಪ್ರಕಟಿಸಿದ ನಕ್ಷೆಗೆ ಹೊಂದದ ಭಾರತದ ನಕ್ಷೆಯನ್ನು ಪ್ರಕಟಿಸುವುದು 1961ರ ಕಾನೂನಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಶಾಲೆಯ ಪತ್ರಿಕೆಗೋ ಸ್ಮರಣ ಸಂಚಿಕೆಗೋ ನಕ್ಷೆ ಹಾಕುವವರು ಇದನ್ನು ಮರೆಯಬಾರದು. ಸರ್ವೆ ಆಫ್ ಇಂಡಿಯಾ ತನ್ನ ತಾಣದಲ್ಲಿ ದೇಶದ ಮತ್ತು ರಾಜ್ಯಗಳ ನಕ್ಷೆಗಳನ್ನು ಇಟ್ಟಿದೆ. ಅಲ್ಲಿಂದ ಶುರು ಮಾಡಿ.

ಆ ಸಂಸ್ಥೆ 1767ರಷ್ಟು ಹಳೆಯದು. ನಮ್ಮ ಕಡೆಗೂ ಅದರ ಕಥೆ ಬರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಅನ್ನುವ ಸೇನಾಧಿಕಾರಿ ಬೆಂಗಳೂರಿನ ಹತ್ತಿರ ನೆಲದ ಮೇಲೆ ಸರಪಳಿ ಹಾಸಿ ಒಂದು ನೇರ ಗೆರೆ ಅಳೆದ. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು. ಅಂಥ ಗೆರೆಯಿಂದ ತ್ರಿಕೋನ, ಆ ತ್ರಿಕೋನದಿಂದ ಇನ್ನೊಂದು ತ್ರಿಕೋನ, ಹಾಗೇ ಹಿಮಾಲಯದವರೆಗೆ ಅಳೆಯುತ್ತಾ ಹೋದರು. ನಿಮ್ಮ ಕೈಯಲ್ಲಿರುವ ತೆಳ್ಳನೆಯ ಗೆರೆಯ ಹಿಂದೆ ಬಿಸಿಲಲ್ಲಿ ಸರಪಳಿ ಹೊತ್ತವರ ಬೆವರು ಇದೆ. ಮಕ್ಕಳಿಗೆ ಇದನ್ನು ಹೇಳಿ. ಗೆರೆಯ ಮೇಲೆ ಮರ್ಯಾದೆ ಬರುತ್ತದೆ.

ಹಾಳೆ ಸಿಕ್ಕಿತು, ಈಗ ಎಷ್ಟು ಸಲ ತುಂಬಿಸಬೇಕು? ನನ್ನ ಉತ್ತರ: ಒಂದೇ ನಕ್ಷೆಯನ್ನು ಹಲವು ಸಲ, ಪ್ರತಿ ಸಲವೂ ಹೊಸ ಹಾಳೆಯಲ್ಲಿ. ಮೊದಲು ಅಟ್ಲಾಸ್ ಮುಚ್ಚಿ, ನೆನಪಿಗೆ ಬಂದಷ್ಟು ಪೆನ್ಸಿಲಿನಲ್ಲಿ. ಆಮೇಲೆ ಅಟ್ಲಾಸ್ ತೆರೆದು, ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ. ಪೆನ್ಸಿಲಿನ ತಪ್ಪನ್ನು ಅಳಿಸಬೇಡಿ, ಕೆಂಪು ಗೆರೆಯ ಪಕ್ಕದಲ್ಲೇ ಇರಲಿ. ತಾರೀಖು ಹಾಕಿ. ಒಂದು ವಾರ ಬಿಟ್ಟು ಮತ್ತೆ ಹೊಸ ಹಾಳೆ.

ಅಟ್ಲಾಸ್ ನೋಡಿಕೊಂಡೇ ಚಂದವಾಗಿ ಬಣ್ಣ ತುಂಬಿದರೆ ಆಗಲ್ವಾ ಅಂತ ತಾಯಂದಿರು ಕೇಳುತ್ತಾರೆ. ನೋಡಲು ಚೆನ್ನಾಗಿರುತ್ತದೆ, ನೆನಪಿನಲ್ಲಿ ಉಳಿಯುವುದು ಕಡಿಮೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇದಕ್ಕೆ ಹತ್ತಿರದ ಒಂದು ಪ್ರಯೋಗ ಮಾಡಿದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದು ನೋಡಿದಾಗ, ಮುಚ್ಚಿ ಬರೆದವರು ಮುಂದೆ ಹೋಗಿದ್ದರು. ಅದು ನಕ್ಷೆಯ ಪ್ರಯೋಗವಲ್ಲ, ಪಾಠದ್ದು. ಆದರೆ ನನ್ನ ತರಗತಿಯಲ್ಲಿ ವರ್ಷ ವರ್ಷವೂ ನಾನು ಕಂಡದ್ದು ಇದನ್ನೇ.

ಭಾರತದ ನಕ್ಷೆಯನ್ನು ಮಕ್ಕಳು ಕೈಯಲ್ಲೇ ಬಿಡಿಸಬೇಕಲ್ಲ, ಅದಕ್ಕೊಂದು ಉಪಾಯ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಅಚ್ಚನ್ನು ಪಕ್ಕಕ್ಕಿಡಿ. ಖಾಲಿ ಹಾಳೆಯ ನಡುವೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಎಳೆಯಿರಿ. ಅಡ್ಡ ಗೆರೆ ಇಪ್ಪತ್ಮೂರೂವರೆ ಡಿಗ್ರಿಯ ಕರ್ಕಾಟಕ ಸಂಕ್ರಾಂತಿ ವೃತ್ತ. ಉದ್ದ ಗೆರೆ ನಮ್ಮ ಗಡಿಯಾರದ ಹೊತ್ತಿಗೆ ಆಧಾರವಾದ ಎಂಬತ್ತೆರಡೂವರೆ ಡಿಗ್ರಿ ರೇಖಾಂಶ. ಎರಡೂ ಕೂಡುವುದು ಛತ್ತೀಸಗಢದ ಉತ್ತರ ಭಾಗದಲ್ಲಿ. ಈಗ ದೇಶ ನಾಲ್ಕು ಕೋಣೆಯ ಮನೆ ಆಯಿತು. ಕನ್ಯಾಕುಮಾರಿ, ಚೆನ್ನೈ, ಬೆಂಗಳೂರು, ಮುಂಬೈ ಎಲ್ಲ ಎಡಗಡೆ ಕೆಳಗಿನ ಕೋಣೆಯಲ್ಲಿ. ದೆಹಲಿ ಎಡಗಡೆ ಮೇಲಿನದರಲ್ಲಿ. ಕೋಲ್ಕತ್ತಾ ಬಲಗಡೆ, ಅಡ್ಡ ಗೆರೆಗೆ ಸ್ವಲ್ಪ ಕೆಳಗೆ. ಪೂರ್ವ ಕರಾವಳಿ ಕಾಕಿನಾಡದ ಹತ್ತಿರ ಉದ್ದ ಗೆರೆಯನ್ನು ದಾಟಿ ಎಡಕ್ಕೆ ಬರುತ್ತದೆ. ಅದೊಂದು ನೆನಪಿದ್ದರೆ ದಕ್ಷಿಣದ ಮೂತಿ ಸೊಟ್ಟಗಾಗುವುದಿಲ್ಲ. ಹಾಳೆ ದೊಡ್ಡದಾಗಲಿ, ಚಿಕ್ಕದಾಗಲಿ, ಅಂಗಳವೇ ಆಗಲಿ, ಈ ಎರಡು ಗೆರೆ ಕೆಲಸ ಮಾಡುತ್ತವೆ. ಕೊಚ್ಚಿ ಹುಡುಕುತ್ತಾ ನಿಂತ ಆ ಹುಡುಗನಿಗೆ ನಾನು ಕೊಡಬೇಕಾಗಿದ್ದದ್ದು ಇದನ್ನು.

ಇನ್ನು ನನಗೆ ತುಂಬಾ ಇಷ್ಟವಾದ ಹಾಳೆ. ಕರ್ನಾಟಕದ ಇದೇ ಖಾಲಿ ನಕ್ಷೆಯನ್ನು ಐದು ಬಣ್ಣದಲ್ಲಿ ತುಂಬಿ. 1956ರ ನವೆಂಬರ್ 1ರಂದು ಒಂದಾದ ಐದು ತುಂಡುಗಳು. ಹಳೆಯ ಮೈಸೂರಿಗೆ ಒಂದು ಬಣ್ಣ. ಮುಂಬೈ ಕಡೆಯಿಂದ ಬಂದ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಕ್ಕೆ ಒಂದು. ಹೈದರಾಬಾದಿನಿಂದ ಬಂದ ಬೀದರ್, ಕಲಬುರಗಿ, ರಾಯಚೂರಿಗೆ ಒಂದು. ಮದರಾಸಿನಿಂದ ಬಂದ ದಕ್ಷಿಣ ಕನ್ನಡಕ್ಕೆ ಒಂದು. ಕೊಡಗಿಗೆ ಒಂದು. ಬಳ್ಳಾರಿ ಮೂರು ವರ್ಷ ಮೊದಲೇ, 1953ರಲ್ಲಿ, ಮೈಸೂರಿಗೆ ಸೇರಿತ್ತು. ಎಲ್ಲ ತುಂಬಿದ ಮೇಲೆ ತೀರ ದಕ್ಷಿಣದಲ್ಲಿ ಒಂದು ತುಂಡು ಉಳಿಯುತ್ತದೆ, ಕೊಳ್ಳೇಗಾಲ. ಅದು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಮಂಗಳೂರಿನ ಬಣ್ಣವನ್ನೇ ಅಷ್ಟು ದೂರದ ಕೊಳ್ಳೇಗಾಲಕ್ಕೂ ಹಚ್ಚಬೇಕು. ನಮ್ಮ ಶಾಲೆಯಲ್ಲಿ ಕೊಳ್ಳೇಗಾಲದ ಕಡೆಯ ಹುಡುಗನೊಬ್ಬ ಇದನ್ನು ಮನೆಗೆ ಒಯ್ದು ಅಜ್ಜನಿಗೆ ತೋರಿಸಿದ. ಮರುದಿನ ಅವನ ಹಾಳೆಯ ಹಿಂದೆ ಅಜ್ಜ ಹೇಳಿದ ಹಳೆಯ ಕಾಲದ ಮಾತು ಒಂದು ಪುಟ ತುಂಬಿತ್ತು.

ಜಿಲ್ಲೆಗಳದ್ದೂ ಹೀಗೇ. ಒಂದಾದಾಗ 19 ಜಿಲ್ಲೆ, 1986ರಲ್ಲಿ ಬೆಂಗಳೂರು ಗ್ರಾಮಾಂತರ ಬಂದು 20, 1997ರಲ್ಲಿ ಏಳು ಹೊಸದು ಸೇರಿ 27, ಆಮೇಲೆ ಇನ್ನೂ ಮೂರು, 2021ರಲ್ಲಿ ವಿಜಯನಗರ ಬಂದು 31. ರಾಮನಗರದ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಆಯಿತು. ಹಾಗಾಗಿ ಜಿಲ್ಲೆ ಗುರುತು ಇರುವ ನಕ್ಷೆ ಪ್ರಿಂಟ್ ಮಾಡುವಾಗ ಯಾವ ವರ್ಷದ್ದು ಅಂತ ನೋಡಿಕೊಳ್ಳಿ. ತುಮಕೂರು ಜಿಲ್ಲೆಯನ್ನು ಬಣ್ಣ ಮಾಡುವಾಗ ಪಾವಗಡವನ್ನು ಮರೆಯಬೇಡಿ. ಅದು ಉಳಿದ ಜಿಲ್ಲೆಗೆ ಅಂಟಿಕೊಂಡೇ ಇಲ್ಲ. ಮೂರು ಕಡೆ ಆಂಧ್ರ, ಒಂದು ಕಡೆ ಚಿತ್ರದುರ್ಗ. ಪುದುಚೇರಿಯೂ ಹಾಗೇ: ಪುದುಚೇರಿ, ಕಾರೈಕಲ್ ತಮಿಳುನಾಡಿನ ಅಂಚಿನಲ್ಲಿ, ಮಾಹೆ ಕೇರಳದಲ್ಲಿ, ಯಾನಂ ಆಂಧ್ರದಲ್ಲಿ. ಎ4 ಹಾಳೆಯ ಭಾರತದಲ್ಲಿ 1 ಸೆಂಟಿಮೀಟರಿಗೆ ಸುಮಾರು 130 ಕಿಲೋಮೀಟರ್ ಬರುತ್ತದೆ. ಅಲ್ಲಿ ಪೆನ್ಸಿಲಿನ ಮೊನೆ ಇಟ್ಟ ಚುಕ್ಕೆಯೇ ಇಡೀ ಮಾಹೆಗಿಂತ ದೊಡ್ಡದು.

ಕೊನೆಯದಾಗಿ ಒಂದು ಹಾಳೆ ತೋರಿಸುತ್ತೇನೆ. ಇದನ್ನು ಕೈಯಿಂದ ಕೈಗೆ ದಾಟಿಸಿ. ಕಣ್ಣು ಕಾಣದ ಹುಡುಗಿಯೊಬ್ಬಳು ನಮ್ಮ ಒಂಬತ್ತನೇ ತರಗತಿಯಲ್ಲಿದ್ದಳು. ನಕ್ಷೆಯ ಪೀರಿಯಡ್ಡಿನಲ್ಲಿ ಅವಳು ಸುಮ್ನೆ ಕೂತಿರುತ್ತಿದ್ದಳು. ಅದು ನನಗೆ ಸಹಿಸಲಿಲ್ಲ. ಅವಳ ಗೆಳತಿಯರೇ ಸೇರಿ ಮಾಡಿದ್ದು ಇದು. ರಟ್ಟಿನ ಮೇಲೆ ನಕ್ಷೆ ಅಂಟಿಸಿ, ಗಡಿಗೆರೆಯ ಉದ್ದಕ್ಕೂ ಗೋಂದು ಹಚ್ಚಿ ಸೆಣಬಿನ ದಾರ ಕೂರಿಸಿದ್ದಾರೆ. ಘಟ್ಟಕ್ಕೆ ರವೆ ಉದುರಿಸಿದ್ದಾರೆ. ನದಿಗಳಿಗೆ ಹೊಲಿಗೆಯ ನೂಲು, ಊರುಗಳಿಗೆ ಸಾಸಿವೆ ಕಾಳು. ಹೆಸರು ಎಲ್ಲೂ ಇಲ್ಲ. ಅವಳು ತಲಕಾವೇರಿಯಿಂದ ಬೆರಳು ಹಿಡಿದು, ಶ್ರೀರಂಗಪಟ್ಟಣದಲ್ಲಿ ನೂಲು ಎರಡಾಗಿ ಮತ್ತೆ ಒಂದಾಗುವುದನ್ನು ಕಂಡುಕೊಂಡು, 'ಇಲ್ಲಿ ದ್ವೀಪ ಇದೆ ಅಲ್ವಾ ಸಾರ್' ಅಂದಳು. ತರಗತಿಯಲ್ಲಿ ಆ ದ್ವೀಪದ ಮಾತನ್ನು ನಾನು ಅದುವರೆಗೂ ಎತ್ತಿರಲಿಲ್ಲ.

ಇಲ್ಲಿ ಸವೆದು ನುಣ್ಣಗಾಗಿದೆಯಲ್ಲ, ಕಾವೇರಿಯ ಈ ನೂಲು, ಅದು ಅವಳ ಬೆರಳು ಓಡಾಡಿದ ಜಾಗ. ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡಿ. ಆಮೇಲೆ ನಿಮ್ಮ ಹಾಳೆಯ ಹಿಂದಿನ ಪುಟ ತಿರುಗಿಸಿ. ಅಲ್ಲೂ ಅದೇ ಗಡಿಗೆರೆ ಇದೆ. ನಿಮ್ಮೂರಿನ ಹೊಳೆಯಿಂದ ಶುರು ಮಾಡಿ. ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳಬಹುದು, ಈಗ ಅಡ್ಡಿಯಿಲ್ಲ.